ತೊಳೆದ ಗಾಡಿಗೆ ಕೆಸರು

ಫೆಬ್ರವರಿ 9, ಭಾನುವಾರ

ಇವತ್ತೂ ಇವರು ನನ್ನ ಸ್ಕೂಟರ್ ಬಿಚ್ಚಿದರು. ಹದಿನೈದು ದಿನದಲ್ಲಿ ಎರಡನೇ ಸಲ. ಮುಂದಿನ ಬ್ರೇಕು ಸ್ವಲ್ಪ ಕಿರ್ ಅನ್ನುತ್ತೆ ಅಂತ ನಾನು ಬಾಯಿ ತಪ್ಪಿ ಹೇಳಿದ್ದೇ ತಪ್ಪು. ಅಂಗಳದಲ್ಲಿ ಗೋಣಿಚೀಲ ಹಾಸಿ, ಮಗಳು ಚಿನ್ನುವಿನ ಹಳೇ ತಟ್ಟೆಗೆ ನಟ್ಟು ಬೋಲ್ಟು ಸುರಿದುಕೊಂಡು ಎಂಟು ಗಂಟೆಗೆ ಕೂತವರು ಎದ್ದಾಗ ಮೂರೂವರೆ. ಮೈಸೂರಿನ ಶೋರೂಮಿನಲ್ಲಿದ್ದಾಗ ಇದು ಇವರಿಗೆ ನಲವತ್ತು ನಿಮಿಷದ ಕೆಲಸ.

ಇವರ ಬಲಗೈ ಹೆಬ್ಬೆರಳು, ಪಕ್ಕದ ಎರಡು ಬೆರಳು — ಮುಟ್ಟಿದ್ದು ಗೊತ್ತಾಗಲ್ಲ. ತಿರುಗುತ್ತಿದ್ದ ಚೈನಿಗೆ ಬಟ್ಟೆ ಹಿಡಿದು ಒರೆಸಲು ಹೋಗಿ ಸಿಕ್ಕಿಕೊಂಡಿದ್ದು. ತಪ್ಪು ನನ್ನದೇ ಅಂತ ಇವರೇ ಹೇಳುತ್ತಾರೆ. ಶೋರೂಮಿನವರು ಕೆಲಸದಿಂದ ತೆಗೆಯಲಿಲ್ಲ, ಕೌಂಟರಿನಲ್ಲಿ ಕೂರಿಸಿ ರಿಪೇರಿಗೆ ಬಂದ ಗಾಡಿಗಳ ಜಾಬ್ ಕಾರ್ಡ್ ಬರೆಯಲು ಹೇಳಿದರು. ಎರಡು ತಿಂಗಳು ಬರೆದರು. ಆಮೇಲೆ ಹದಿನಾಲ್ಕು ವರ್ಷದ ಕೆಲಸ ಬಿಟ್ಟು ಊರಿಗೆ ಬಂದು ಕೂತರು. ಈಗ ಇವರ ಕೈಗೆ ಸಿಗುವ ಗಾಡಿ ಅಂದರೆ ನನ್ನ ಸ್ಕೂಟರ್ ಒಂದೇ. ಹನಗೋಡಿನ ಪೋಸ್ಟಾಫೀಸಿಗೆ ಹೋಗಲು, ಎಂಟು ಊರಿಗೆ ಕಾಗದ ಪೆನ್ಷನ್ ಹಂಚಲು ನನಗಿರುವುದೂ ಅದೊಂದೇ.

ಶೋರೂಮಿಗೆ ಕೊಡೋಣ ಅನ್ನುವ ಹಾಗಿಲ್ಲ. ಆಯಿಲ್ ಬದಲಾಯಿಸಲು ಹೋದರೆ ಪಾಲಿಶು, ಕಾರ್ಬನ್ ಕ್ಲೀನಿಂಗು, ಹಾಳುಮೂಳು ಸೇರಿಸಿ ಎರಡು ಸಾವಿರ ಕೀಳುತ್ತಾರಂತೆ. ಮನೆಯಲ್ಲಾದರೆ ಆರುನೂರು. “ಆ ಬಿಲ್ ಬರ್ದಿರೋನೇ ನಾನು ಕಣಮ್ಮಿ, ನಂಗೇ ಯೋಳ್ತೀಯಾ?” ಅಂದರು. ಮಾತು ಸುಳ್ಳಲ್ಲ. ಅದಕ್ಕೇ ಎದುರಾಡಲು ಆಗುವುದಿಲ್ಲ.

ಫೆಬ್ರವರಿ 11, ಮಂಗಳವಾರ

ನಿದ್ದೆ ಬರುತ್ತಿಲ್ಲ. ಬರೆದರೆ ಸರಿಹೋಗುತ್ತೇನೋ.

ಬೆಳಿಗ್ಗೆ ಹೊಳೆ ಸೇತುವೆ ಹತ್ತಿರ ಹ್ಯಾಂಡಲ್ ಒಂದು ಥರಾ ಆಡತೊಡಗಿತು. ಹಿಂದೆ ಚಿನ್ನು, ಸ್ಕೂಲ್ ಬ್ಯಾಗು. ಎದುರಿಗೆ ಹೊಗೆಸೊಪ್ಪಿನ ಬೇಲ್ ತುಂಬಿದ ಲಾರಿ. ಹೆಂಗೋ ಪಕ್ಕಕ್ಕೆ ಎಳೆದು ನಿಲ್ಲಿಸಿದೆ. ಬಗ್ಗಿ ನೋಡಿದರೆ ಮುಂದಿನ ಚಕ್ರದ ನಟ್ಟು ಬರೀ ಕೈಯಲ್ಲಿ ತಿರುಗುತ್ತಿದೆ. ಬಾಟಲಿ ಮುಚ್ಚಳ ತಿರುಗಿದ ಹಾಗೆ.

ಸೇತುವೆ ಆಚೆ ಕಿರಣ್‌ಕುಮಾರನ ಪಂಕ್ಚರ್ ಅಂಗಡಿವರೆಗೆ ತಳ್ಳಿಕೊಂಡು ಹೋದೆ. ಅವನು ಬಿಗಿ ಮಾಡಿಕೊಟ್ಟ. ಯಾರು ಬಿಚ್ಚಿದ್ದು ಅಂತ ಕೇಳಿದ. ಗೊತ್ತಿಲ್ಲ ಅಂದೆ.

ಸಂಜೆ ಹೇಳಬೇಕು ಅಂತಲೇ ಬಂದೆ. ಬಾಗಿಲಲ್ಲೇ ನಿಂತಿದ್ದರು. “ಗಾಡಿ ಹೆಂಗದೆ?” ಅಂದರು. ಮುಖ ನೋಡಿದೆ. ಏಟಾದ ಮೇಲೆ ಆ ಮುಖ ಒಂದು ಸಲವೂ ಹಾಗೆ ಏನನ್ನೂ ಕೇಳಿರಲಿಲ್ಲ.

“ಚೆನ್ನಾಗದೆ,” ಅಂದೆ.

ನಕ್ಕರು. ಎರಡು ಮುದ್ದೆ ಉಂಡರು.

ಫೆಬ್ರವರಿ 14

ಸಬ್ ಆಫೀಸಿನಿಂದ ಕ್ಯಾಶ್ ತರುವ ನೆಪದಲ್ಲಿ ಹುಣಸೂರು. ಸೀದಾ ಅಲ್ಲಿನ ಶೋರೂಮಿಗೆ. ಕೌಂಟರಿನಲ್ಲಿ ಪ್ರಿಯಾ ಅಂತ ಹುಡುಗಿ. ಎಲ್ಲಾ ನಟ್ಟು ಬಿಗಿ ನೋಡಿ, ಬ್ರೇಕ್ ನೋಡಿ, ಇನ್ನೇನೂ ಬೇಡ ಅಂದೆ. ವಾಟರ್ ವಾಶ್ ಕೂಡಾ ಬೇಡ ಅಂದೆ. ತೊಳೆಯದೆ ಗಾಡಿ ಹೊರಗೆ ಬಿಡೋ ಹಾಗಿಲ್ಲ ಮೇಡಂ, ರೂಲ್ಸು — ಅಂದಳು. ತೊಳೆದರು. ಪಾಲಿಶೂ ಹೊಡೆದರು. ಬಿಲ್ಲು ಇವರು ಹೇಳಿದ ಹಾಗೇ, ಸಾಲಿಗೆ ಸಾಲು. ದುಡ್ಡು ಕೊಡುವಾಗ ನಗು ಬಂತು, ಅಳುವೂ ಬಂತು.

ಫಳಫಳ ಹೊಳೆಯುವ ಗಾಡಿ ಮನೆಗೆ ಹೇಗೆ ಒಯ್ಯುವುದು? ನಾಲೆ ಏರಿ ಮೇಲೆ ಹೋಗಿ, ಕೆಸರಿದ್ದ ಕಡೆ ಎರಡು ಸಲ ಓಡಿಸಿ, ಸಾಲದ್ದಕ್ಕೆ ಕೈಯಲ್ಲೂ ಒಂದಿಷ್ಟು ಬಳಿದೆ. ಮೂವತ್ತೆರಡು ವರ್ಷದ ಹೆಂಗಸು, ಸರ್ಕಾರಿ ಕೆಲಸ. ದಾರಿಯಲ್ಲಿ ಹೋಗುತ್ತಿದ್ದ ಒಬ್ಬ ಅಜ್ಜ ನಿಂತು ನೋಡಿದ.

ಒಂದೇ ಸಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇದೊಂದೇ ಸಲ.

ಮಾರ್ಚ್ 25

ಭಾನುವಾರ ಮತ್ತೆ ಬಿಚ್ಚಿ ಜೋಡಿಸಿದರು. ನಿನ್ನೆ ಮತ್ತೆ ಹುಣಸೂರು. ಚಿನ್ನುವನ್ನು ಶಾಲೆ ವ್ಯಾನಿಗೆ ಹತ್ತಿಸಿ, ಗಂಟೆಗೆ ಇಪ್ಪತ್ತರ ಸ್ಪೀಡಿನಲ್ಲಿ ಹೋದೆ.

ಶೋರೂಮಿನವರು ಬಿಗಿ ಮಾಡಿದ ನಟ್ಟಿಗೆಲ್ಲ ಹಳದಿ ಪೆಯಿಂಟಿನ ಚುಕ್ಕೆ ಇಡುತ್ತಾರೆ. ಹೋದ ಸಲ ನೋಡಿರಲಿಲ್ಲ. ದೇವರು ದೊಡ್ಡವನು, ಕೆಸರು ಮುಚ್ಚಿತ್ತು. ಈ ಸಲ ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದೇ ಒರೆಸಿದೆ.

ಇವತ್ತು ಊಟಕ್ಕೆ ಕೂತಾಗ ಫೋನು. ನಿಮ್ಮ ಸರ್ವಿಸ್ ಅನುಭವಕ್ಕೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಅಂತ. ಇವರು ಎದುರಿಗೇ. ಹತ್ತು, ಹತ್ತು ಅಂತ ಇಟ್ಟೆ. ಯಾರು ಅಂದರು. ಬ್ಯಾಂಕಿನವರು ಅಂದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಸಾರು ಬಡಿಸುವಾಗ ಚೆಲ್ಲಿದೆ.

ಏಪ್ರಿಲ್ 30

ನನ್ನ ಗಾಡಿ ಹೆಸರು ಮಾಡಿದೆ. ಪೋಸ್ಟಮ್ಮನ ಗಾಡಿ ಬಂದರೆ ಶಬ್ದವೇ ಇಲ್ಲ, ಗಂಡ ಮನೆಯಲ್ಲೇ ಮಾಡೋದಂತೆ — ಇದು ಪೆನ್ಷನ್ ಇಸಕೊಳ್ಳುವ ಪುಟ್ಟಮಲ್ಲಮ್ಮ ಹೇಳಿದ್ದು. ಆ ಅಜ್ಜಿವರೆಗೂ ಹೋಗಿದೆ ಅಂದರೆ ಎಂಟೂರಿಗೂ ಹೋಗಿದೆ.

ಇವತ್ತು ಮನೆ ಮುಂದೆ ಬೇರೆಯವರ ಬೈಕು ನಿಂತಿತ್ತು. ಆಯಿಲು, ಚೈನು, ಬ್ರೇಕು. ಶೋರೂಮಿನ ಅರ್ಧ ರೇಟು. ಇವರು ಗಡ್ಡ ಹೆರೆದುಕೊಂಡಿದ್ದರು. ಅತ್ತೆ ಚಾಮುಂಡಮ್ಮ ನನ್ನನ್ನು ಒಳಗೆ ಕರೆದು ಕೈ ಹಿಡಿದುಕೊಂಡರು. “ನಿನ್ನ ಗಾಡಿಯಿಂದ ನನ್ ಮಗ ಎದ್ದು ಕುಂತ ಕಣವ್ವ,” ಅಂದರು.

ಇದಕ್ಕಿಂತ ದೊಡ್ಡ ಬೋನು ಇನ್ನೊಂದಿಲ್ಲ. ಇವರು ನಗುತ್ತಿದ್ದಾರೆ, ನನಗೆ ಸಂತೋಷವಾಗುತ್ತಿದೆ, ಆ ಸಂತೋಷಕ್ಕೇ ಹೆದರಿಕೆ. ನನ್ನ ಗಾಡಿಯ ವಿಷಯದಲ್ಲಿ ನಾನು ಸುಳ್ಳು ಹೇಳಿದರೆ ಹೋಗುವುದು ನನ್ನ ತಲೆ. ಆದರೆ ಆ ಬೈಕು ತಂದವನಿಗೆ?

ಮೇ 18, ಭಾನುವಾರ

ಬೋರ್ಡು ಬಂತು. ‘ಶಿವಶಂಕರ ಬೈಕ್ ಸರ್ವಿಸ್’. ವಾರಕ್ಕೆ ಮೂರು ನಾಲ್ಕು ಗಾಡಿ. ನನ್ನದು ಹೋದ ವಾರ ಹುಣಸೂರಿಗೆ ಹೋಗಿ ಬಂತು. ಮೂರನೇ ಸಲ.

ನಟ್ಟು ಬಿಗಿ ಮಾಡುವುದು ನನಗೂ ಕಲಿಸಿ ಅಂತ ನಗುನಗುತ್ತಾ ಕೇಳಿ ನೋಡಿದೆ. ನೀನು ಕಾಗದ ಹಂಚು ಅಂದರು. ಅವರೂ ನಗುತ್ತಲೇ ಅಂದಿದ್ದು. ಆದರೆ ಬಲಗೈಯನ್ನು ಮಡಿಲಿಗೆ ಎಳೆದುಕೊಂಡರು.

ಬೆಳಿಗ್ಗೆ ಎಲ್ಲರೂ ಏಳುವ ಮೊದಲು ಸ್ಪ್ಯಾನರ್ ಹಿಡಿದು ಅಂಗಳಕ್ಕೆ ಹೋಗಿದ್ದೆ. ಒಂದು ಬೈಕಿನ ನಟ್ಟು ತಿರುಗಿಸಿ ನೋಡಿದೆ. ಅಲ್ಲಾಡಲಿಲ್ಲ. ಅದು ಬಿಗಿಯಾಗಿದೆಯೋ, ನನ್ನಲ್ಲಿ ಶಕ್ತಿ ಇಲ್ಲವೋ… ಹೇಗೆ ತಿಳಿಯುವುದು? ಸ್ಪ್ಯಾನರ್ ಇದ್ದಲ್ಲೇ ಇಟ್ಟು ಬಂದು ಹಾಲು ಕಾಯಿಸಿದೆ.

ಜೂನ್ 22

ತಿಂಗಳಾಯಿತು ಬರೆದು. ಏನೂ ಆಗಿಲ್ಲ. ಯಾರೂ ಬಿದ್ದಿಲ್ಲ.

ಆದರೆ ನನಗೆ ಜನರ ಮುಖ ಕಾಣುವುದು ನಿಂತುಹೋಗಿದೆ. ಬೈಕು ಎದುರು ಬಂದರೆ ಮುಂದಿನ ಚಕ್ರ ನೋಡುತ್ತೇನೆ. ಪೇಪರಿನಲ್ಲಿ ಪಿರಿಯಾಪಟ್ಟಣದ ಹತ್ತಿರ ಬೈಕ್ ಅಪಘಾತ ಅಂತ ಇದ್ದರೆ ಮೊದಲು ಊರು, ಆಮೇಲೆ ಹೆಸರು, ಆಮೇಲೆ ಉಸಿರು. ಹೇಳಿಬಿಡಲಾ? ಹೇಳಿದರೆ ಇವರು ಮತ್ತೆ ಗೋಡೆಗೆ ಮುಖ ಮಾಡಿ ಮಲಗುತ್ತಾರೆ. ಹೇಳದಿದ್ದರೆ ಯಾರ ಮನೆಗೋ ಸಾವಿನ ಸುದ್ದಿ. ಅತ್ತ ದರಿ, ಇತ್ತ ಪುಲಿ. ನಡುವೆ ನಿಂತು ನಾಲ್ಕನೇ ಸಲ ಹುಣಸೂರಿಗೆ ಹೋಗಿಬಂದೆ. ಪ್ರಿಯಾ ಈಗ ಟೀ ತರಿಸುತ್ತಾಳೆ. ಇಷ್ಟು ಬೇಗ ಬೇಗ ಯಾರೂ ಸರ್ವಿಸ್ ಮಾಡಿಸಲ್ಲ ಮೇಡಂ ಅಂದಳು. ಗಾಡಿ ಮೇಲೆ ಪ್ರೀತಿ ಅಂದೆ.

ಜುಲೈ 6, ಭಾನುವಾರ, ಸಂಜೆ

ಮಾಡಬಾರದ್ದು ಮಾಡಿಬಿಟ್ಟೆ.

ಪಕ್ಕದ ಬೀದಿ ಭದ್ರಮ್ಮನ ಮಗ ತೇಜಸ್ ಬೈಕ್ ಬಿಟ್ಟಿದ್ದ. ಮುಂದಿನ ಬ್ರೇಕ್ ಶೂ ಬದಲಾಯಿಸಬೇಕು. ಇವರು ಚಕ್ರ ಹಾಕುವುದನ್ನು ಅಡುಗೆಮನೆ ಕಿಟಕಿಯಿಂದ ನೋಡಿದೆ. ಸ್ಪ್ಯಾನರಿಗೆ ಮೊಳದುದ್ದ ಪೈಪು ಸಿಕ್ಕಿಸಿ ಎಡಗೈಯಲ್ಲಿ ಒತ್ತುತ್ತಿದ್ದರು. ಎರಡು ಸಲ ಜಾರಿ ಬಿತ್ತು. ಹಣೆ ಮೇಲೆ ಬೆವರು. ಮೂರನೇ ಸಲ ಏನಾಯಿತೋ, ಅಷ್ಟರಲ್ಲಿ ಸಾರು ಉಕ್ಕಿತು.

ತೇಜಸ್ ನಾಳೆ ಹೊರಡುತ್ತಾನೆ ಅಂದುಕೊಂಡಿದ್ದೆ. ನಾಳೆಯಾಗಿದ್ದರೆ ಬೆಳಿಗ್ಗೆ ಏನಾದರೂ ನೆಪ ಹುಡುಕುತ್ತಿದ್ದೆ. ಅವನು ಆಗಲೇ ಹೆಂಡತಿ ರಮ್ಯಶ್ರೀ, ಮೂರು ತಿಂಗಳ ಕೂಸು, ಎಲ್ಲರನ್ನೂ ಕೂರಿಸಿಕೊಂಡು ಎಚ್.ಡಿ. ಕೋಟೆಗೆ, ಅವಳ ತವರಿಗೆ ಹೊರಟ. ನಾನು ಹೊರಗೆ ಬಂದಾಗ ಧೂಳು ಮಾತ್ರ. ಫೋನ್ ಮಾಡಿದೆ, ಎತ್ತಲಿಲ್ಲ. ಓಡಿಸುತ್ತಿರುವವನು ಹೇಗೆ ಎತ್ತುತ್ತಾನೆ?

ಚಪ್ಪಲಿ ಕೂಡ ಹಾಕಲಿಲ್ಲ. ಸ್ಕೂಟರ್ ಹತ್ತಿ ಹೋದೆ. ಸೇತುವೆ ಆಚೆ, ಕಿರಣ್‌ಕುಮಾರನ ಅಂಗಡಿ ಮುಂದೆ ಸಿಕ್ಕರು. ಅಡ್ಡ ಹಾಕಿ ನಿಲ್ಲಿಸಿದೆ. ಇಳಿರಿ, ಕೂಸನ್ನು ಇಳಿಸಿ ಅಂದೆ. ತೇಜಸ್ ಗಾಬರಿಯಾಗಿ ಏನಕ್ಕ, ಏನಾಯ್ತು ಅಂತ ಕೇಳುತ್ತಲೇ ಇದ್ದ. ಪಕ್ಕದ ಟೀ ಅಂಗಡಿಯಲ್ಲಿ ಏಳೆಂಟು ಜನ. ಎಲ್ಲರ ಎದುರಿಗೆ ನನ್ನ ಬಾಯಿಂದ ಬಂದೇಬಿಟ್ಟಿತು.

“ಅವ್ರ ಕೈಲಿ ಬಿಗಿ ಆಗಲ್ಲ ಕಣೋ. ನನ್ ಗಾಡೀನೂ ಅವ್ರು ಮಾಡೋದಲ್ಲ. ಶೋರೂಮಲ್ಲಿ ಮಾಡ್ಸೋದು.”

ಕಿರಣ್‌ಕುಮಾರ ಸ್ಪ್ಯಾನರ್ ತಂದ. ಮುಂದಿನ ನಟ್ಟಿಗೆ ಹಾಕಿದ. ಮೈಯೆಲ್ಲ ಭಾರ ಬಿಟ್ಟು ಒತ್ತಿದ. ಕೂದಲೆಳೆಯಷ್ಟೂ ಸರಿಯಲಿಲ್ಲ. ಹಿಂದಿನದು ನೋಡಿದ. ಬ್ರೇಕ್ ರಾಡು ನೋಡಿದ. ಎದ್ದು ಕೈ ಒರೆಸಿಕೊಂಡ.

“ಬಿಗಿಯಾಗೇ ಅದೆ ಕಣಕ್ಕ. ನಾನ್ ಮಾಡಿದ್ರೂ ಇಷ್ಟೇ ಮಾಡೋದು.”

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

ಜುಲೈ 8

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಅಂಗಳದಲ್ಲಿದ್ದ ಎರಡು ಬೈಕನ್ನೂ ನಿನ್ನೆ ಗಾಡಿಯವರು ಬಂದು ತಳ್ಳಿಕೊಂಡು ಹೋದರು. ಅರ್ಜೆಂಟ್ ಕೆಲಸ ಅದೆ, ಆಮೇಲೆ ತತ್ತೀವಿ ಶಿವಣ್ಣ ಅಂದರಂತೆ. ನಟ್ಟು ಬಿಗಿಯಾಗಿತ್ತು ಅನ್ನುವುದು ಯಾರಿಗೂ ನೆನಪಿಲ್ಲ. ಹೆಂಡತಿಯೇ ಹಂಗಂದಳು ಅನ್ನುವುದಷ್ಟೇ ಎಂಟೂರು ಸುತ್ತುತ್ತಿದೆ.

ಇವರು ಬಯ್ಯಲಿಲ್ಲ. ಗೋಣಿಚೀಲ ಕೊಡವಿ ಮಡಿಸಿಟ್ಟರು. ಅತ್ತೆ ನಾನು ಕೊಟ್ಟ ಕಾಫಿ ಕುಡಿಯುತ್ತಿಲ್ಲ. ಬಯ್ದಿದ್ದರೆ ಕ್ಷಮೆ ಕೇಳಬಹುದಿತ್ತು. ಕ್ಷಮೆ ಯಾವುದಕ್ಕೆ? ಹೇಳಿದ್ದಕ್ಕೋ, ಇಷ್ಟು ದಿನ ಹೇಳದಿದ್ದಕ್ಕೋ?

ಜುಲೈ 10, ಗುರುವಾರ

ಸಂಜೆ ಇವರು ಮಾತಾಡಿದರು. ನಾಲ್ಕು ದಿನದಲ್ಲಿ ಮೊದಲ ಸಲ. ನಾನು ಸೊಪ್ಪು ಬಿಡಿಸುತ್ತಿದ್ದೆ, ಎದುರಿಗೆ ಬಂದು ಕೂತರು. ಎಷ್ಟು ಸಲ ಹೋಗಿದ್ದೆ ಅಂದರು. ನಾಲ್ಕು ಅಂದೆ. ಫೆಬ್ರವರಿಯಲ್ಲಿ ಸೇತುವೆ ಹತ್ತಿರ ಆದದ್ದನ್ನೂ ಹೇಳಿದೆ, ಚಿನ್ನು ಹಿಂದೆ ಕೂತಿದ್ದಳು ಅನ್ನುವುದನ್ನೂ. ಕಣ್ಣು ಮುಚ್ಚಿ ಕೇಳಿದರು.

“ಅದು ನಂದೇ ತಪ್ಪು. ಆವಾಗ ಬಲಗೈನೇ ನಂಬ್ಕಂಡಿದ್ದೆ. ಆಮ್ಯಾಕೆ ಎಡಗೈಲಿ ಕಲ್ತೆ. ಸರಿ, ಆಮ್ಯಾಕಿನ ಮೂರು ಸಲ? ನಾ ಮಾಡಿದ್ದು ಓಡ್ಸಿ ನೋಡಿದ್ಯಾ, ಇಲ್ಲಾ ಸೀದಾ ಹುಣಸೂರಿಗೆ ಹೋದ್ಯಾ?”

“ಸೀದಾ.”

“ಅಂಗಾದ್ರೆ ಬಿಗಿ ಇತ್ತೋ ಇಲ್ವೋ, ನಿಂಗೂ ಗೊತ್ತಿಲ್ಲ. ನಂಗೂ ಗೊತ್ತಿಲ್ಲ.”

ಇಷ್ಟೇ. ಎದ್ದು ಹೋಗುವಾಗ, ನಾಳೆ ಬೆಳಿಗ್ಗೆ ಮುಂದಿನ ಚಕ್ರ ಬಿಚ್ಚಿ ಹಾಕ್ತೀನಿ, ದಿನಾ ಹೋಗುವ ಹಾಗೇ ಹೋಗು ಅಂದರು. ಹೂಂ ಅಂದೆ. ಹೂಂ ಅನ್ನುವುದು ನನಗೆ ಸುಲಭ. ಐದು ತಿಂಗಳಿಂದ ಅದನ್ನೇ ಮಾಡಿದ್ದೇನೆ.

ಜುಲೈ 11, ಬೆಳಿಗ್ಗೆ 8.10

ಐದಕ್ಕೇ ಎದ್ದು ಬಿಚ್ಚಿದರು. ಏಳೂವರೆಗೆ ಮುಗಿಯಿತು. ಈ ಸಲ ಕಿಟಕಿಯಿಂದ ನೋಡಬಾರದು ಅಂತ ಬೆನ್ನು ಹಾಕಿ ರೊಟ್ಟಿ ಬೇಯಿಸಿದೆ. ಸ್ಪ್ಯಾನರ್ ಬಿದ್ದ ಶಬ್ದ ಒಂದು ಸಲ ಕೇಳಿತು. ಒಂದೇ ಸಲ.

ಗಾಡಿ ಬಾಗಿಲಲ್ಲಿ ನಿಂತಿದೆ. ಇವರು ಜಗಲಿ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದಾರೆ. ನನ್ನ ಕಡೆ ನೋಡುತ್ತಿಲ್ಲ. ಬೇಕೆಂದೇ ನೋಡುತ್ತಿಲ್ಲ. ಹೆಲ್ಮೆಟ್ ತರುತ್ತೇನೆ ಅಂತ ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ.

ನಾನೊಬ್ಬಳೇ ಆಗಿದ್ದರೆ ಯಾವಾಗಲೋ ಹೊರಟಿರುತ್ತಿದ್ದೆ. ಬಿದ್ದರೆ ಬೀಳಲಿ.

ಚಿನ್ನು ಬ್ಯಾಗು ಹಾಕಿಕೊಂಡು ಆಗಲೇ ಹಿಂದಿನ ಸೀಟು ಹತ್ತಿ ಕೂತಿದ್ದಾಳೆ, ಕಾಲು ಆಡಿಸುತ್ತಾ. ಬೀದಿ ತುದಿಯಲ್ಲಿ ಬೇರೆ ಮಕ್ಕಳಿಗಾಗಿ ಶಾಲೆ ವ್ಯಾನು ಹಾರ್ನ್ ಹೊಡೆಯುತ್ತಿದೆ. ಇನ್ನೊಂದೇ ನಿಮಿಷ ನಿಲ್ಲುತ್ತೆ ಅದು. ಇಳಿ ಚಿನ್ನು, ವ್ಯಾನಿಗೆ ಹೋಗು ಅಂತ ನಾನು ಒಂದು ಮಾತು ಅಂದರೆ ಸಾಕು, ಇವರಿಗೆ ಎಲ್ಲಾ ತಿಳಿಯುತ್ತೆ. ಅನ್ನದಿದ್ದರೆ…

ಎರಡನೇ ಹಾರ್ನ್. ಇವರು ಈಗ ತಲೆಯೆತ್ತಿದರು. ನಾನು ಹೊರಗೆ ಹೋಗಿ…