ಎಡಗೈ ಎತ್ತಿದವರು

ಹಾಸ್ಟೆಲ್, ಹನ್ನೊಂದನೇ ಕೋಣೆ
ಮಾರ್ಚ್ ಹದಿನಾಲ್ಕು, ಭಾನುವಾರ

ಅಕ್ಕಾ,

ನಮಸ್ಕಾರ. ನೀನು ಎರಡು ಕಾಗದ ಬರೆದೆ, ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ. ತಪ್ಪಾಯಿತು. ಪರೀಕ್ಷೆ, ರೆಕಾರ್ಡು, ಜ್ವರ ಎಂದು ಮೂರು ನೆಪ ಹುಡುಕಿಟ್ಟುಕೊಂಡಿದ್ದೆ. ಅದರಲ್ಲಿ ಜ್ವರ ಮಾತ್ರ ಅರ್ಧ ನಿಜ. ಫೋನಿನಲ್ಲಿ ಹೇಳಿಬಿಡೋಣವೆಂದರೆ ನಿನ್ನ ದನಿ ಕೇಳಿದ ಕೂಡಲೇ ನಾನು ಏಳು ವರ್ಷದವಳಾಗಿಬಿಡುತ್ತೇನೆ, ಹೇಳಬೇಕಾದ್ದು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೇ ಕಾಗದ. ಇದನ್ನು ಒಬ್ಬಳೇ ಕೂತು ಓದು. ಭಾವ ಪಕ್ಕದಲ್ಲಿದ್ದರೆ ಎದ್ದು ಒಳಗೆ ಹೋಗು.

ನೀನು ಓದಿ ಹತ್ತು ವರ್ಷವಾದರೂ ಈ ಶಿಕ್ಷಕರ ತರಬೇತಿ ಕಾಲೇಜು ಒಂದಿಂಚೂ ಬದಲಾಗಿಲ್ಲ. ನಿಮಗೆ ಬೋಧನಾ ವಿಧಾನ ಕಲಿಸಿದ ಮೇಡಂ ನಮಗೂ ಅದೇ ಹಳದಿ ನೋಟ್‌ಬುಕ್ ಹಿಡಿದು ಬರುತ್ತಾರೆ. 'ಶಿಕ್ಷಕರು ಎಂದಿಗೂ ಪುಸ್ತಕ ನೋಡಿಕೊಂಡು ಪಾಠ ಓದಿ ಹೇಳಬಾರದು' ಎಂದು ಪುಸ್ತಕ ನೋಡಿಕೊಂಡು ಓದಿ ಹೇಳುತ್ತಾರೆ. ಹೇಳೋದು ಶಾಸ್ತ್ರ, ಹಾಕೋದು ಗಾಳ. ನಾವು ತಲೆ ಬಗ್ಗಿಸಿ ಅದನ್ನೇ ಬರೆದುಕೊಳ್ಳುತ್ತೇವೆ, ಪೂರ್ಣವಿರಾಮದ ಸಮೇತ.

ಹಾಸ್ಟೆಲ್ಲಿನಲ್ಲಿ ಮಂಚದ ಮೇಲೆ ಚಾರ್ಟು, ನೆಲದ ಮೇಲೆ ನಾವು. ಬಣ್ಣ ಒಣಗುವವರೆಗೆ ಮಂಚ ನಮ್ಮದಲ್ಲ. ಹೋದ ತಿಂಗಳು ಎದುರು ಕೋಣೆಯವಳು ಮರೆತು ತನ್ನ ಮಂಚಕ್ಕೇ ಉರುಳಿಕೊಂಡಳು. ಎದ್ದಾಗ ಬೆನ್ನ ಮೇಲೆ ಸಣ್ಣಕರುಳು, ದೊಡ್ಡಕರುಳು ಎರಡೂ ಅಚ್ಚಾಗಿದ್ದವು. ಚಾರ್ಟು ಬೇಡ, ನಿನ್ನ ಬೆನ್ನನ್ನೇ ತೋರಿಸಿ ಪಾಠ ಮಾಡು ಎಂದು ಎಲ್ಲರೂ ರೇಗಿಸಿದೆವು. ಬಚ್ಚಲ ಮುಂದಿನ ಸಾಲಿನಲ್ಲಿ ನಿಂತವರು ಬಕೆಟ್ಟುಗಳಿಗೆ ಪಾಠ ಮಾಡುತ್ತಿರುತ್ತಾರೆ. 'ಮಕ್ಕಳೇ, ನಿನ್ನೆ ನಾವು ಏನು ಕಲಿತೆವು?' ಎಂದರೆ ಬಕೆಟ್ಟಾದರೂ ಏನು ಹೇಳೀತು!

ನನ್ನ ಜೋಡಿಯ ಬಗ್ಗೆ ಮೊದಲೇ ಬರೆದಿದ್ದೆನಲ್ಲ, ಗಡಿಯಾರ ಅಂತ. ಇಬ್ಬಿಬ್ಬರನ್ನು ಜೋಡಿ ಮಾಡಿ ಶಾಲೆಗೆ ಕಳಿಸುವ ಪದ್ಧತಿ ನಿಮ್ಮ ಕಾಲದಿಂದಲೂ ಇದೆ. ಒಬ್ಬಳು ಪಾಠ ಮಾಡಬೇಕು, ಇನ್ನೊಬ್ಬಳು ಹಿಂದಿನ ಬೆಂಚಿನಲ್ಲಿ ಕೂತು ಗಮನಿಸಿ ಹಾಳೆ ತುಂಬಬೇಕು. ಎಲ್ಲ ಜೋಡಿಗಳೂ ಚಹಾ ಕುಡಿಯುತ್ತಾ 'ನನಗೆ ನೀನು ಚೆನ್ನಾಗಿ ಬರಿ, ನಿನಗೆ ನಾನು ಬರೀತೀನಿ' ಎಂದು ಮುಗಿಸುತ್ತಾರೆ. ಗಡಿಯಾರಳಿಗೆ ಅದು ಆಗದು. ಕೈಗಡಿಯಾರ ಬಿಚ್ಚಿ ಡೆಸ್ಕಿನ ಮೇಲಿಟ್ಟುಕೊಂಡು, 'ಹನ್ನೆರಡನೇ ನಿಮಿಷದಲ್ಲಿ ಬೋರ್ಡಿಗೆ ಮಾತಾಡಿದಳು, ಮಕ್ಕಳಿಗಲ್ಲ' ಎಂದು ಇದ್ದದ್ದು ಇದ್ದ ಹಾಗೆ ಬರೆಯುತ್ತಾಳೆ. ಬೈದುಕೊಳ್ಳುತ್ತಲೇ ಅವಳಿಂದ ನಾನು ಕಲಿತದ್ದು ಇಡೀ ಕಾಲೇಜಿನಿಂದ ಕಲಿತಿಲ್ಲ.

ಮೊದಲ ಪಾಠದ ದಿನ ಏನಾಯಿತೆಂದು ನಿನಗೊಬ್ಬಳಿಗೇ ಬರೆದಿದ್ದೆ. ಗಡಿಯಾರಳಿಗೂ ಪೂರ್ತಿ ಹೇಳಿರಲಿಲ್ಲ. ಆಗ ನೀನು ಸಮಾಧಾನ ಮಾಡಿ ಒಂದು ಉಪಾಯ ಬರೆದು ಕಳಿಸಿದೆ. ಪರೀಕ್ಷಕರು ಬಂದಾಗ ಪ್ರತಿ ಪ್ರಶ್ನೆಗೂ ಎಲ್ಲ ಮಕ್ಕಳೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಕೇಳುವುದು ಬಲಗೈಯವರನ್ನು ಮಾತ್ರ. 'ಇದು ನಮ್ಮಿಬ್ಬರ ಗುಟ್ಟು, ಯಾರ ಹತ್ತಿರವೂ ಬಾಯಿ ಬಿಡಬೇಡ' ಎಂದು ಬರೆದು ಕೆಳಗೆ ನೀನೇ ಎರಡು ಗೆರೆ ಎಳೆದಿದ್ದೆ.

ನಾನು ಗಡಿಯಾರಳಿಗೆ ಮಾತ್ರ ಹೇಳಿದೆ. ಹಿಂದೆ ಕೂರುವವಳು, ಹೇಳದೆ ಗತಿಯಿರಲಿಲ್ಲ. ಅವಳು ಮುಖ ಗಂಟು ಹಾಕಿಕೊಂಡು, 'ಮಕ್ಕಳಿಗೆ ಪಾಠಕ್ಕಿಂತ ಮೊದಲು ಇದನ್ನ ಕಲಿಸ್ತೀಯಾ? ನಿನ್ನಿಷ್ಟ. ನಾನಂತೂ ಮಾಡಲ್ಲ' ಅಂದಳು. ನನಗೆ ಭಯ. ಕಡೆಯ ಪಾಠದಲ್ಲಿ ಫೇಲಾದರೆ ಇನ್ನೂ ಆರು ತಿಂಗಳು ಇದೇ ಗೋಡೆಗಳು, ಇದೇ ಬಕೆಟ್ಟುಗಳು.

ಐದನೇ ತರಗತಿಯ ಮಕ್ಕಳಿಗೆ ಇದು ಆಟವಾಯಿತು. ಅದರಲ್ಲೂ ಕಿಟಕಿ ಪಕ್ಕ ಕೂರುವ ಒಬ್ಬಳಿಗೆ. ಅವಳನ್ನು ಎಲ್ಲರೂ 'ಮೂಕಿ' ಅನ್ನುತ್ತಿದ್ದರು. ಮಾತು ಬರುವುದಿಲ್ಲವೆಂದಲ್ಲ, ತಪ್ಪಾದೀತೆಂದು ಆಡುವುದಿಲ್ಲ. ವರ್ಷವಿಡೀ ಒಮ್ಮೆಯೂ ಕೈ ಎತ್ತಿದವಳಲ್ಲ. ಎಡಗೈ ಎತ್ತಿದವರನ್ನು ಕೇಳುವುದೇ ಇಲ್ಲ ಎಂದು ನಾನು ಹೇಳಿದ ಮೇಲೆ ಎಲ್ಲರಿಗಿಂತ ಮೊದಲು ಅವಳ ಕೈ ಏಳುತ್ತಿತ್ತು. ಎಷ್ಟು ಎತ್ತರಕ್ಕೆ ಅಂತೀಯಾ! ಬೆಂಚಿನಿಂದ ಅರ್ಧ ಎದ್ದೇಬಿಡುತ್ತಿದ್ದಳು. ನಡುನಡುವೆ ಗೊತ್ತಿದ್ದಾಗ ಮರೆತು ಬಲಗೈಯೂ ಎತ್ತಿದಳು. ಉಪಾಯಕ್ಕೆ ಇನ್ನೊಂದು ಫಲವೂ ಇದೆಯಲ್ಲ ಎಂದು ನಿನ್ನನ್ನು ಮನಸ್ಸಿನಲ್ಲೇ ಹೊಗಳಿಕೊಂಡೆ.

ಹೋದ ತಿಂಗಳು ಹದಿನೆಂಟಕ್ಕೆ ಕಡೆಯ ಪಾಠ, ಭಿನ್ನರಾಶಿ. ಹೊರಗಿನಿಂದ ಬಂದ ಪರೀಕ್ಷಕರು ನರೆಗೂದಲಿನ, ಮೆತ್ತಗಿನ ಮನುಷ್ಯ. ಕಾಗದದ ಪಟ್ಟಿಗಳನ್ನು ಮಡಿಸಿ, ಅರ್ಧ ದೊಡ್ಡದೋ ಮೂರರಲ್ಲಿ ಒಂದು ಭಾಗ ದೊಡ್ಡದೋ ಎಂದು ಕೇಳಿದೆ. ಮೂವತ್ತಾರು ಕೈ ಎದ್ದವು. ಬಲಗೈಯೊಂದನ್ನು ಆರಿಸುತ್ತಿದ್ದೆ, ಅಷ್ಟರಲ್ಲಿ ಪರೀಕ್ಷಕರು ಎದ್ದು ನಿಂತು ನಸುನಕ್ಕರು.

'ಒಂದ್ನಿಮಿಷ ಟೀಚರ್. ಎಡಗೈ ಎತ್ತಿದವರನ್ನ ನಾನು ಕೇಳ್ತೀನಿ. ಕಿಟಕಿ ಹತ್ರ ಇರೋ ಪುಟ್ಟಿ, ನೀನು ಹೇಳಮ್ಮ.'

ಮೂಕಿ ಎದ್ದು ನಿಂತಳು. ಅವರ ಕಡೆ ನೋಡಲೇ ಇಲ್ಲ, ನನ್ನನ್ನೇ ನೋಡಿದಳು. ಕೈ ಇನ್ನೂ ಇಳಿಸಿರಲಿಲ್ಲ.

'ಗೊತ್ತಿಲ್ವಾ? ಮತ್ತೆ ಯಾಕೆ ಕೈ ಎತ್ತಿದೆ?'

'ಟೀಚರ್ ಹೇಳಿದ್ರು.'

ತರಗತಿ ಗೊಳ್ಳೆಂದಿತು. ಅವರು ಏನೋ ಬರೆದುಕೊಂಡರು. ಉಳಿದ ಇಪ್ಪತ್ತು ನಿಮಿಷ ನಾನು ಬೋರ್ಡಿಗೇ ಮಾತಾಡಿದೆ. ಗಂಟೆ ಹೊಡೆದ ಮೇಲೆ ಮೂಕಿ ಮೇಜಿನ ಹತ್ತಿರ ಬಂದು, ಯಾರಿಗೂ ಕೇಳದ ಹಾಗೆ, 'ಎಡಗೈಯವ್ರನ್ನ ಕೇಳಲ್ಲ ಅಂದಿದ್ರಲ್ಲ ಟೀಚರ್' ಅಂದಳು. ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ತಪ್ಪಾಗಿ ಕೇಳಿಸಿಕೊಂಡೆನೇನೋ ಎನ್ನುವ ಹಾಗೆ ಕೇಳಿದಳು. ನಾನು ಚಾಕ್ ಪೀಸುಗಳನ್ನು ಡಬ್ಬಿಗೆ ತುಂಬಿದೆ.

ಪರೀಕ್ಷಕರಿಗೆ ಮೊದಲೇ ಗೊತ್ತಿತ್ತು, ಅದರಲ್ಲಿ ಅನುಮಾನವಿಲ್ಲ. ನನ್ನ ಮಟ್ಟಿಗೆ ಗುಟ್ಟು ಬಲ್ಲ ದೊಡ್ಡವರು ಮೂವರೇ: ನೀನು, ನಾನು, ಗಡಿಯಾರ. ನೀನು ದೂರದ ಊರಿನಲ್ಲಿದ್ದೀಯ. ಮೇಲಾಗಿ ನಿನಗೆ ಹೇಳಿದ್ದು ಬಾವಿಗೆ ಹಾಕಿದ ಕಲ್ಲು ಎಂದು ಅಪ್ಪನೇ ಅನ್ನುತ್ತಿದ್ದರು. ಇನ್ನು ಉಳಿದವಳು ಯಾರು?

ಅವತ್ತು ಊಟದ ಹಾಲ್‌ನಲ್ಲಿ, ಎಲ್ಲರ ಎದುರಿಗೆ, ಬಾಯಿಗೆ ಬಂದದ್ದೆಲ್ಲ ಅಂದೆ. ಒಂದೇ ತಟ್ಟೆಯಲ್ಲಿ ತಿಂದು ಬೆನ್ನಿಗೆ ಚೂರಿ ಹಾಕಿದೆ, ಮೊದಲಿನಿಂದಲೂ ನಿನಗೆ ನನ್ನ ಕಂಡರೆ ಹೊಟ್ಟೆಕಿಚ್ಚು ಅಂದೆ. ಅವಳು ಕೈ ತೊಳೆದು ಬಂದು, 'ನಾನಾಗಿದ್ರೆ ನಿನ್ನ ಮುಖಕ್ಕೇ ಹೇಳ್ತಿದ್ದೆ. ಹೇಳಿದ್ದೆ ಕೂಡ' ಎಂದಳು. ಸಂಜೆಯೊಳಗೆ ಹಾಸಿಗೆ ಸುತ್ತಿಕೊಂಡು ಮೂರನೇ ಕೋಣೆಗೆ ಹೋದಳು. ಆ ದಿನದ ಗಮನಿಕೆಯ ಹಾಳೆಯನ್ನು ನನ್ನ ದಿಂಬಿನ ಮೇಲೆ ಬಿಟ್ಟುಹೋಗಿದ್ದಳು. ಹದಿನೈದನೇ ನಿಮಿಷದ ಎದುರು 'ಪರೀಕ್ಷಕರು ಹೀಗೆ ಕೇಳಬಾರದಿತ್ತು. ಮಗುವಿನ ತಪ್ಪಲ್ಲ' ಎಂದಿತ್ತು. ಅದನ್ನು ಓದಿಯೂ ನಾನು ಕರಗಲಿಲ್ಲ.

ಅವಳಲ್ಲವೆಂದು ತಿಳಿದದ್ದು ಒಂಬತ್ತು ದಿನದ ಮೇಲೆ. ಹೇಗೆ ತಿಳಿಯಿತೆಂದು ಆಮೇಲೆ ಬರೆಯುತ್ತೇನೆ. ತಿಳಿದ ದಿನವೇ ಮೂರನೇ ಕೋಣೆಗೆ ಹೋಗಿ ತಪ್ಪಾಯಿತೆಂದೆ. 'ಎಲ್ಲರ ಮುಂದೆ ಅಂದೆ, ಒಬ್ಳೇ ಬಂದು ತಪ್ಪಾಯ್ತು ಅಂತೀಯಾ' ಎಂದಳು. ನಿಜವೇ ತಾನೇ. ಮಾರನೇ ದಿನ ಊಟದ ಹಾಲ್‌ನಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ. ಕೇಳಿಸಿಕೊಂಡಳು, ಊಟ ಮುಂದುವರಿಸಿದಳು. ಹಾಸಿಗೆ ಇನ್ನೂ ಮೂರನೇ ಕೋಣೆಯಲ್ಲೇ ಇದೆ.

ಫಲಿತಾಂಶ ನೀನು ಊಹಿಸಿರುತ್ತೀಯ. ಬರಹದ ಪರೀಕ್ಷೆಗಳೆಲ್ಲ ಪಾಸು, ಕಡೆಯ ಪಾಠ ಫೇಲು. ಆರು ತಿಂಗಳು ಮತ್ತೆ ಇಲ್ಲೇ. ಅಮ್ಮನಿಗೆ ನೀನು ಹೇಳಬೇಡ, ನಾನೇ ಹೇಳುತ್ತೇನೆ. ಮೂಕಿಯ ತರಗತಿಯನ್ನೇ ಕೊಡಿ ಎಂದು ಅರ್ಜಿ ಹಾಕಿದ್ದೇನೆ. ಮೊನ್ನೆ ಆ ಶಾಲೆಗೆ ಹೋಗಿ ಬಾಗಿಲ ಹೊರಗಿನಿಂದ ನೋಡಿದೆ. ಅವರ ಟೀಚರ್ ಪ್ರಶ್ನೆ ಕೇಳುತ್ತಿದ್ದರು. ಅವಳು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಿದ್ದಳು.

ಭಾವನವರ ಸೊಂಟನೋವು ಹೇಗಿದೆ? ಭಾರ ಎತ್ತಬೇಡಿ ಎಂದು ಹೇಳು. ನಿನ್ನ ಮಗಳು ಅಕ್ಷರ ಕೂಡಿಸಿ ಓದುತ್ತಾಳೆಂದು ಬರೆದಿದ್ದೆ, ಕೇಳಿ ಸಂತೋಷವಾಯಿತು. ಚಿಕ್ಕಮ್ಮನ ಮುತ್ತು ಅವಳಿಗೆ. ಚೆನ್ನಾಗಿ ಓದಿ, ನೂರು ವರ್ಷ ಬಾಳಲಿ. ನೀನೂ ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ಬೆನ್ನಿಗೆ ಹುಟ್ಟಿದವಳು

ಮರೆತ ಮಾತು: ಮರೆತದ್ದಲ್ಲ, ಇಷ್ಟು ಹೊತ್ತು ಬರೆಯಲು ಕೈ ಬರಲಿಲ್ಲ. ಅಂಕಪಟ್ಟಿಗೆ ಸಹಿ ಹಾಕಲು ಆ ಪರೀಕ್ಷಕರು ಮತ್ತೆ ಕಾಲೇಜಿಗೆ ಬಂದಿದ್ದರು. ನನ್ನನ್ನು ಕಂಡು, ಬೇಜಾರು ಮಾಡ್ಕೋಬೇಡಮ್ಮ ಎಂದು ಕುರ್ಚಿ ತೋರಿಸಿದರು. ಆಮೇಲೆ, 'ಗ್ಲೋಬಿನ ಹಿಂದೆ ಕೂತು ಅತ್ತವಳು ನೀನೇ ಅಲ್ವಾ?' ಎಂದರು.

ಮೊದಲ ಪಾಠದ ದಿನ ಮಾತೇ ಹೊರಡದೆ ಓಡಿಹೋಗಿ, ನಕಾಶೆ ಇಡುವ ಕೋಣೆಯಲ್ಲಿ ಗ್ಲೋಬಿನ ಹಿಂದೆ ಕೂತು, ಸತ್ತ ಅಪ್ಪನನ್ನು ಕೂಗಿ ಅತ್ತದ್ದು ಈ ಲೋಕದಲ್ಲಿ ನನ್ನ ಒಂದು ಕಾಗದಕ್ಕೆ ಮಾತ್ರ ಗೊತ್ತಿತ್ತು. ಅವರೂ ಬಂದಿದ್ದ ಜನವರಿಯ ಶಿಕ್ಷಕರ ಶಿಬಿರದಲ್ಲಿ, ಮಧ್ಯಾಹ್ನದ ನಿದ್ದೆ ಹೋಗಲಾಡಿಸಲು, ಅದನ್ನು ನೀನು ನನ್ನ ದನಿ ಮಾಡಿ ಓದಿದೆಯಂತೆ. ಎಡಗೈ ಬಲಗೈ ಉಪಾಯ ಹೇಳಿಕೊಟ್ಟೆ, ಪೆದ್ದಿ ಅದನ್ನೂ ಮಾಡುತ್ತಿದ್ದಾಳೆ ಎಂದು ಸೇರಿಸಿದೆಯಂತೆ. 'ನಿಮ್ಮಕ್ಕ ಬಹಳ ತಮಾಷೆಯವರು' ಎಂದು ಅವರು ಈಗಲೂ ನಕ್ಕರು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ದೂರುವುದು?

ಫೇಲಾದದ್ದಕ್ಕೆ ನಿನ್ನನ್ನು ದೂರುವುದಿಲ್ಲ, ಅದು ನಾನು ಮಾಡಿಕೊಂಡದ್ದು. ಇನ್ನೊಂದೇ ಒಂದು ಕೇಳಬೇಕು. ನಾನು 'ಅಪ್ಪಾ' ಎಂದು ಅತ್ತ ಸಾಲು ಬಂದಾಗ ಸಭೆಯೆಲ್ಲ ಬಿದ್ದು ಬಿದ್ದು ನಕ್ಕಿತಂತೆ. ಆಗ ನೀನೂ ನಕ್ಕೆಯಾ ಅಕ್ಕಾ? ಅವರು ನಿನಗೂ ಅಪ್ಪನೇ ಅಲ್ಲವೇ?