ಕೇಳದೆ ಕೈ ಕೊಡಬೇಡಿ

ಹಾಸ್ಟೆಲ್, ಎರಡನೇ ಮಹಡಿ
ಸೆಪ್ಟೆಂಬರ್ ೧೨, ಗುರುವಾರ

ಪ್ರೀತಿಯ ಅಪ್ಪನಿಗೆ,

ನಿಮ್ಮ ಮಗಳ ನಮಸ್ಕಾರಗಳು. ನಾನು ಚೆನ್ನಾಗಿದ್ದೇನೆ. ಅಮ್ಮನ ಮಂಡಿನೋವು ಹೇಗಿದೆ? ಸ್ಟುಡಿಯೋಗೆ ಹೊಸ ಪರದೆ ಬಂತೇ, ಇಲ್ಲಾ ಗಿರಾಕಿಗಳನ್ನು ಇನ್ನೂ ಆ ಮಾಸಿದ ನೀಲಿ ಬಟ್ಟೆಯ ಮುಂದೆಯೇ ಕೂರಿಸಿ ಫೋಟೋ ತೆಗೆಯುತ್ತಿದ್ದೀರಾ? ನಿಮ್ಮ ಎರಡು ಕಾಗದಗಳಿಗೂ ಉತ್ತರ ಬರೆಯದಿದ್ದಕ್ಕೆ ಕ್ಷಮಿಸಿ. ಪುರುಸೊತ್ತಿರಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ. ಎರಡರಲ್ಲೂ ದೈಹಿಕ ಶಿಕ್ಷಣದ ತರಗತಿಗೆ ಹೋಗಬೇಡ ಅಂತಲೇ ಬರೆದಿದ್ದಿರಿ, ಸಿಟ್ಟು ಬಂದಿತ್ತು. ಫೋನು ಮಾಡೋಣವೆಂದರೆ, ಮಾತು ಬಿಸಿಯಾದ ಕೂಡಲೇ ನೀವು "ಇರು, ಅಮ್ಮನಿಗೆ ಕೊಡ್ತೀನಿ" ಅಂತ ಜಾರಿಕೊಳ್ಳುತ್ತೀರಿ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ. ಕೂತು ಪೂರ್ತಿ ಓದಿ.

ಮೊನ್ನೆ ನಮ್ಮ ವಿಭಾಗದ ಮುಖ್ಯಸ್ಥರು ಕರೆಸಿದರು. ಅವರ ಮೇಜಿನ ಮೇಲೆ ನೀವು ನನಗೆ ಹೇಳದೆ ಕಳಿಸಿದ ಡಾಕ್ಟರ ಸರ್ಟಿಫಿಕೇಟು.

"ನಿಮ್ಮ ತಂದೆ ಬರೆದಿದ್ದಾರಮ್ಮ. ಹುಟ್ಟಿನಿಂದ ನಿನ್ನ ಎಡಗಾಲು ಗಿಡ್ಡ, ದೈಹಿಕ ಶಿಕ್ಷಣದ ತರಗತಿಯಿಂದ ವಿನಾಯಿತಿ ಕೊಡಿ ಅಂತ. ಕೊಟ್ಟುಬಿಟ್ಟಿದ್ದೀನಿ. ಆ ಹೊತ್ತಲ್ಲಿ ಲೈಬ್ರರಿಯಲ್ಲಿ ಆರಾಮಾಗಿ ಕೂತ್ಕೋ" ಅಂದರು.

"ನನಗೆ ಬೇಡ ಸರ್" ಅಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಬೇಡ ಅನ್ನೋರನ್ನ ಇದೇ ಮೊದಲು ನೋಡ್ತಿರೋದು. ಒಬ್ಬೊಬ್ಬರು ಇದಕ್ಕೋಸ್ಕರ ಇಲ್ಲದ ಕಾಯಿಲೆ ಹುಟ್ಟಿಸ್ಕೊಂಡು ಬರ್ತಾರೆ. ಹೋಗಲಿ, ಇಪ್ಪತ್ತಮೂರರ ಸೋಮವಾರದೊಳಗೆ ನಿಮ್ಮಪ್ಪನ ಒಪ್ಪಿಗೆ ಬರೆಸ್ಕೊಂಡು ಬಾ. ಇಲ್ಲದಿದ್ರೆ ಆ ಕಡೆ ತಲೆ ಹಾಕೋ ಹಾಗಿಲ್ಲ. ಏನಾದ್ರೂ ಆದ್ರೆ ನನ್ನ ತಲೆಗೆ ಬರುತ್ತೆ" ಅಂದರು.

ಅಲ್ಲಪ್ಪಾ, ಕಾಲು ನನ್ನದು, ತರಗತಿ ನನ್ನದು, ನನ್ನನ್ನು ಒಂದು ಮಾತು ಕೇಳಬೇಕು ಅಂತ ನಿಮಗೆ ಅನಿಸಲೇ ಇಲ್ಲವೇ?

ಅಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಗೊತ್ತಿಲ್ಲ, ಹೇಳುತ್ತೇನೆ ಕೇಳಿ. ಪಾಠ ಮಾಡುವವರು ಒಬ್ಬ ಮೇಡಂ. ಕುಳ್ಳಗೆ, ಗುಂಡಗೆ ಇದ್ದಾರೆ, ಕೊರಳಲ್ಲಿ ಸದಾ ಸೀಟಿ. ನಾವೆಲ್ಲ ಸೀಟಿ ಮೇಡಂ ಅನ್ನುತ್ತೇವೆ. ಮೊದಲ ದಿನ ಹಳೆಯ ಹಾಲ್‌ನಲ್ಲಿ ಬೆವರು ನಾರುವ ಮ್ಯಾಟುಗಳನ್ನು ಹಾಸಿ, "ಈ ತಿಂಗಳು ಓಟವಿಲ್ಲ, ಆಟವಿಲ್ಲ. ಬರೀ ಬೀಳೋದು" ಅಂದರು. ಗಲ್ಲವನ್ನು ಎದೆಗೆ ಒತ್ತಬೇಕು, ಕೈ ಚಾಚಬಾರದು, ಭುಜದ ಮೇಲೆ ಉರುಳಬೇಕು. ಎಲ್ಲರೂ ಕಿಸಕ್ಕನೆ ನಕ್ಕರು. ಆಮೇಲೆ ನೋಡಿದರೆ ಒಬ್ಬರಿಗೂ ಬೀಳಲು ಬರುವುದಿಲ್ಲ! ನನ್ನ ರೂಮ್‌ಮೇಟು ಶಾಲೆಯಿಂದ ಇಲ್ಲಿಯವರೆಗೆ ಮೊದಲ ಸ್ಥಾನ ಬಿಟ್ಟುಕೊಟ್ಟವಳಲ್ಲ, ಅವಳನ್ನು ರ‍್ಯಾಂಕ್ ರಾಣಿ ಅಂತಲೇ ಕರೆಯುವುದು. ಆ ಮಹಾರಾಣಿ ಮ್ಯಾಟಿನ ಅಂಚಿನಲ್ಲಿ ಕಣ್ಣುಮುಚ್ಚಿ ಮರಗಟ್ಟಿ ನಿಂತುಬಿಟ್ಟಳು.

ನನ್ನ ಸರದಿ ಬಂತು. ನಾನೋ ಬಿದ್ದು ಬಿದ್ದೇ ಬೆಳೆದವಳು. ಧೊಪ್ಪನೆ ಬಿದ್ದು, ಉರುಳಿ, ಎದ್ದು ಕೂತೆ. ಮೇಡಂ ಬಾಯಿಂದ ಸೀಟಿ ತೆಗೆದು, "ಯಾರೇ ಹೇಳ್ಕೊಟ್ಟಿದ್ದು ನಿನಗೆ?" ಅಂದರು.

"ನಮ್ಮನೆ ಮೆಟ್ಟಿಲು, ಮೇಡಂ" ಅಂದೆ.

ಹೊಟ್ಟೆ ಹಿಡಿದುಕೊಂಡು ನಕ್ಕರು. ಅವತ್ತಿನಿಂದ ಬೀಳುವುದನ್ನು ತರಗತಿಗೆಲ್ಲ ಮಾಡಿ ತೋರಿಸುವ ಕೆಲಸ ನನ್ನದು. ನನ್ನನ್ನು ನೋಡಿಕೊಂಡು ಬೇರೆಯವರು ಕಲಿಯುತ್ತಾರೆ ಅಪ್ಪಾ. ಇಂಥದ್ದು ನನ್ನ ಜನ್ಮದಲ್ಲಿ ಯಾವತ್ತಾದರೂ ಆಗಿತ್ತೇ?

ಮೇಡಂದು ಒಂದು ನಿಯಮವಿದೆ. ಬಿದ್ದವರು ಬಾಯಿಬಿಟ್ಟು "ಕೈ ಕೊಡಿ" ಅನ್ನುವವರೆಗೆ ಯಾರೂ ಕೈ ಕೊಡುವಂತಿಲ್ಲ. ಕೇಳಿದ ಮೇಲೆ ಕೊಡದೆ ಇರುವಂತಿಲ್ಲ. ಮೊದಲನೆಯ ಮಾತು ನನಗೆ ಬಹಳ ಹಿಡಿಸಿತು. ನಾನು ಬಿದ್ದರೆ ಅಯ್ಯೋ ಪಾಪ ಅಂತ ಯಾರೂ ಓಡಿ ಬರದ ಜಾಗ ಈ ಭೂಮಿಯ ಮೇಲೆ ಅದೊಂದೇ. ಕಷ್ಟವಾದದ್ದು ಬಾಯಿಬಿಟ್ಟು ಕೇಳುವುದು. ಒಂದು ದಿನ ಉರುಳುವಾಗ ಗಿಡ್ಡಕಾಲಿನ ಮೀನಖಂಡ ಹಿಡಿದುಕೊಂಡಿತು. ಏಳಲು ಆಗುತ್ತಿಲ್ಲ, ಕೇಳಲು ಬಾಯಿ ಬರುತ್ತಿಲ್ಲ. ತರಗತಿಯೆಲ್ಲ ನಿಂತು ಕಾಯುತ್ತಿದೆ, ಮೇಡಂ ಕಿಟಕಿಯ ಆಚೆ ನೋಡುತ್ತಿದ್ದಾರೆ. ಕೊನೆಗೆ ಹಲ್ಲು ಕಚ್ಚಿಕೊಂಡು "ಕೈ ಕೊಡ್ರೇ" ಅಂದೆ. ಎಷ್ಟೊಂದು ಕೈ ಬಂದವು! "ಕೇಳೋಕೆ ಇಷ್ಟು ಹೊತ್ತೇನೇ ತಾಯಿ, ನಿಂತೂ ನಿಂತೂ ನಮಗೇ ಕಾಲುನೋವು ಬಂತು" ಅಂತ ರ‍್ಯಾಂಕ್ ರಾಣಿ ಗದರಿದಳು. ನಗು ಬಂತು, ಅಳುವೂ ಬಂತು.

ಅದಾಗಿ ಸ್ವಲ್ಪ ದಿನಕ್ಕೆ ಅವಳೇ ಬಿದ್ದಳು, ಮ್ಯಾಟಿನ ಮೇಲಲ್ಲ. ಗಣಿತದ ಟೆಸ್ಟಿನಲ್ಲಿ ಫೇಲು. ಗೋಡೆ ಕಡೆ ಮುಖ ಮಾಡಿ ಮಲಗಿದವಳು ಊಟಕ್ಕೂ ಏಳಲಿಲ್ಲ. "ಓದೂ ಸಾಕು, ಎಲ್ಲಾ ಸಾಕು, ಮನೆಗೆ ಹೋಗ್ತೀನಿ" ಅಂತ ಒಂದೇ ರಾಗ. ಸಮಾಧಾನ ಮಾಡಲು ನನ್ನ ನಾಲಿಗೆ ತುರಿಸುತ್ತಿತ್ತು, ತಡೆದುಕೊಂಡೆ. ಎದುರು ಮಂಚದ ಮೇಲೆ ಸುಮ್ಮನೆ ಕೂತೆ. ಸಂಜೆ ಹೊತ್ತಿಗೆ ಮೂಗು ಒರೆಸಿಕೊಳ್ಳುತ್ತ, "ಕೈ ಕೊಡೇ. ಆ ಅಧ್ಯಾಯ ನನಗೆ ಅರ್ಥ ಆಗಿಲ್ಲ. ನಿನಗೆ ಬರುತ್ತಲ್ಲ, ಹೇಳ್ಕೊಡು" ಅಂದಳು. ಅರ್ಥವಾಗಿಲ್ಲ ಎಂಬ ಮಾತು ಅವಳ ಬಾಯಿಂದ ಬಂದದ್ದು ಅದೇ ಮೊದಲಂತೆ. ಈಗ ದಿನಾ ಸಂಜೆ ಒಟ್ಟಿಗೆ ಲೆಕ್ಕ ಮಾಡುತ್ತೇವೆ. ಮನೆಗೆ ಹೋಗುವ ಮಾತು ಎತ್ತುವುದಿಲ್ಲ ಅವಳು.

ಈಗ ಹೇಳಿ, ಲೈಬ್ರರಿಯ ಯಾವ ಮೂಲೆಯಲ್ಲಿ ಕೂತರೆ ನಾವು ಇದನ್ನು ಕಲಿಯುತ್ತಿದ್ದೆವು?

ಪೆಟ್ಟಾಗುತ್ತದೆ ಅಂತ ಬರೆದಿದ್ದೀರಿ. ಆಗುತ್ತದೆ. ಮೊಣಕೈ ತರಚಿದೆ, ಸೊಂಟದ ಹತ್ತಿರ ಕಂದಿದೆ. ಎರಡೂ ನಾನು ಸಂಪಾದಿಸಿದ್ದು. ಆ ಸೋಮವಾರ ನಾನು ಆ ಹಾಲ್‌ನಲ್ಲಿ ಇರುತ್ತೇನೆ. ನೀವು ಒಪ್ಪಿಗೆ ಬರೆದು ಕಳಿಸಿದರೆ ಸಂತೋಷ. ಕಳಿಸದಿದ್ದರೆ ನನಗೂ ಹತ್ತೊಂಬತ್ತು ತುಂಬಿದೆ, ನಾನೇ ಬರೆದು ಸಹಿ ಹಾಕುತ್ತೇನೆ. ಅದೂ ನಡೆಯುವುದಿಲ್ಲ ಅಂದರೆ ಮುಖ್ಯಸ್ಥರ ಬಾಗಿಲಲ್ಲೇ ಬಿದ್ದು ತೋರಿಸುತ್ತೇನೆ. ಎಷ್ಟು ಚೆನ್ನಾಗಿ ಬೀಳುತ್ತೇನೆ ಅಂತ ಅವರೂ ನೋಡಲಿ.

ಅಮ್ಮನಿಗೆ ಈ ಕಾಗದ ಓದಿ ಹೇಳಿ, ನಡುವೆ ಏನೂ ಹಾರಿಸಬೇಡಿ. ಮೆಟ್ಟಿಲು ಇಳಿಯುವಾಗ ಹುಷಾರು ಅನ್ನಿ. ನನಗೆ ಆಶೀರ್ವಾದ ಮಾಡಿ. ಬೈಯುವುದಿದ್ದರೆ ಮೊದಲು ಬೈದು ಆಮೇಲೆ ಮಾಡಿ.

ನಿಮ್ಮ ಹಟಮಾರಿ

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಇಲ್ಲಿಗೆ ತಂದ ನಮ್ಮ ಫೋಟೋಗಳನ್ನು ರ‍್ಯಾಂಕ್ ರಾಣಿಗೆ ತೋರಿಸಿದೆ. ನನ್ನ ಶಾಲೆಯವು, ನಮ್ಮ ಮನೆಯವು, ಅಕ್ಕನ ಮದುವೆಯವು, ಎಲ್ಲ ನೀವೇ ತೆಗೆದವು. ನೋಡ್ತಾ ನೋಡ್ತಾ ಅವಳು, "ನೀನ್ಯಾಕೇ ಎಲ್ಲದರಲ್ಲೂ ಕೂತೇ ಇದ್ದೀಯ?" ಅಂದಳು. ಅಕ್ಕನ ಮದುವೆಯಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದೆವು, ನೆನಪಿದೆಯೇ? ನೀವು ಕ್ಯಾಮೆರಾ ಬಿಟ್ಟು ಓಡಿ ಬಂದು ನನಗೊಬ್ಬಳಿಗೇ ಕುರ್ಚಿ ಹಾಕಿದಿರಿ. ಯಾರದೋ ಮಗುವನ್ನು ತಂದು ಮಡಿಲಿಗೆ ಕೊಟ್ಟು, "ಕೂತ್ಕೋ ಮಗಳೇ, ಚೆನ್ನಾಗಿ ಬರುತ್ತೆ" ಅಂದಿರಿ. ನನಗೆ ಅವತ್ತು ಕಾಲು ನೋಯುತ್ತಿರಲಿಲ್ಲ ಅಪ್ಪಾ. ನಾನು ನಿಂತರೆ ಭುಜ ಒಂದು ಕಡೆ ವಾಲುವುದು ನಾಲ್ಕು ಜನರಿಗೆ ಕಾಣುತ್ತಿತ್ತು, ಅಷ್ಟೇ. ಮೊನ್ನೆ ಆ ಸರ್ಟಿಫಿಕೇಟು ನೋಡಿದಾಗ ನನಗೆ ಕಂಡದ್ದು ಅದೇ ಕುರ್ಚಿ.

ಮುಂದಿನ ತಿಂಗಳು ರಜೆಗೆ ಬರುತ್ತೇನೆ. ಸ್ಟುಡಿಯೋದ ಸ್ಟೂಲನ್ನು ಹೊರಗಿಡಿ. ತಲೆಯಿಂದ ಪಾದದವರೆಗೆ ಬರುವ ಹಾಗೆ, ನಾನು ನಿಂತಿರುವ ಒಂದು ಫೋಟೋ ತೆಗೆಯಿರಿ. ಬಾಯಿಬಿಟ್ಟು ಕೇಳುತ್ತಿದ್ದೇನೆ.