ಹನ್ನೊಂದನೆಯ ಕಲಮು

ಕೋಗಿಲು, ಯಲಹಂಕ
18 ಜೂನ್ 2024

ಪ್ರೀತಿಯ ಹನ್ನಮ್ಮಾ,

ಕರ್ತನ ಕೃಪೆಯಿಂದ ನೀನೂ ಧಾರವಾಡದ ಅತ್ತೆಯೂ ಸುಖವೆಂದು ನಂಬಿದ್ದೇನೆ. ನಿನ್ನ ಕೆಮ್ಮು ಇಳಿಯಿತೇ? ಇಲ್ಲಿ ನಾನೂ ಅಮ್ಮನೂ ನೆಟ್ಟಗಿದ್ದೇವೆ. ಉಳಿದವರ ಲೆಕ್ಕ ಹೀಗಿದೆ: ಒಡೆದ ತಲೆ ನಾಲ್ಕು, ಹೊಲಿಗೆ ಮೂವತ್ತೊಂದು, ಮುರಿದ ತೋಳು ಒಂದು, ಹೋದ ಕಣ್ಣು ಒಂದು. ನನ್ನ ಶಾಮಿಯಾನ ಅಂಗಡಿಯಿಂದ ಚರ್ಚಿಗೆ ಕೊಟ್ಟಿದ್ದ, ಈಗ ಮುರಿದ ಕುರ್ಚಿಗಳನ್ನು ಇದರಲ್ಲಿ ಸೇರಿಸಿಲ್ಲ. ಇಷ್ಟೂ ಆದದ್ದು ಭಾನುವಾರ, ಆರಾಧನೆ ಮುಗಿದ ಕಾಲು ಗಂಟೆಯಲ್ಲಿ, ನಮ್ಮ ಚರ್ಚಿನೊಳಗೆ.

ನಿನಗೆ ಗೊತ್ತಲ್ಲ, ಕೋಗಿಲು, ಚಿಕ್ಕಜಾಲ, ಸಿಂಗಾಪುರ ಮೂರು ಸಭೆಗೂ ಪಾಸ್ಟರ್ ಅಯ್ಯನವರೊಬ್ಬರೇ ಸ್ಕೂಟರಿನಲ್ಲಿ ಓಡುತ್ತಾರೆ. ಅವರು ಓದಿದ್ದು ಅಂಚೆಯ ಮೂಲಕ ಆರು ತಿಂಗಳು. ಹದಿನಾಲ್ಕು ವರ್ಷದಿಂದ ನಮ್ಮವರೊಬ್ಬರೂ ದೈವಜ್ಞಾನ ಕಾಲೇಜಿನ ಮೆಟ್ಟಿಲು ಹತ್ತಿಲ್ಲ; ಹೋಗುತ್ತೇನೆ ಅಂದವಳು ನೀನೊಬ್ಬಳೇ. ಅದಕ್ಕೆ ಈ ತಿಂಗಳ ಇಪ್ಪತ್ತೈದರೊಳಗೆ ಕಮಿಟಿ ಕಾರ್ಯದರ್ಶಿಯ ರುಜು ಇರುವ ಶಿಫಾರಸು ಪತ್ರ ಬೇಕು. ಕಾರ್ಯದರ್ಶಿ ವಿಜಯಕುಮಾರ ಆ ಪತ್ರವನ್ನು ರುಜು ಹಾಕದೆ ಎರಡು ತಿಂಗಳಿಂದ ಜೇಬಿನಲ್ಲಿಟ್ಟುಕೊಂಡು ತಿರುಗುತ್ತಿದ್ದ. ಯಾಕೆಂದರೆ ಲೋಕದ ಸಭೆಯೆಲ್ಲ ಎರಡು ಹೋಳಾಗಿದೆಯಂತೆ, ನಾವು ಹೊರದೇಶದ ಹೊಸ ಒಕ್ಕೂಟ ಸೇರಬೇಕಂತೆ. ಸೇರಿದರೆ ಉಪಾಧ್ಯಾಯರನ್ನು ಕಳಿಸುತ್ತಾರೆ, ಮೂವರು ಗಂಡಸರನ್ನು ಪುಕ್ಕಟೆ ಓದಿಸುತ್ತಾರೆ. ಹದಿನೇಳು ಕಲಮಿನ ವಿಶ್ವಾಸಪತ್ರವೊಂದನ್ನು ನಾವು ಒಪ್ಪಬೇಕು, ಅಷ್ಟೆ. ಹನ್ನೊಂದನೆಯ ಕಲಮು: ಹೆಂಗಸು ಪ್ರಸಂಗಪೀಠ ಹತ್ತಕೂಡದು.

ಭಾನುವಾರ ವಿಜಯಕುಮಾರ ಅದನ್ನು ಸಭೆಗೆ ಓದಿದ್ದೇ ತಡ, ಗಂಟೆ ಹೊಡೆಯುವ ನಿಮ್ಮ ಮುನೀಂದ್ರ ತಾತ ಎದ್ದು ನಿಂತ. "ಆ ಅನ್ನೊಂದ್ನೇದು ಕಿತ್ತಾಕ್ರಿ. ಓದೋಕೋಗ್ರೋ ಅಂದ್ರೆ ನಿಮ್ ಗಂಡ್ಮಕ್ಳು ಬೈಕ್ ಅತ್ಕಂಡು ಓಡೋಯ್ತಾವೆ. ಓಯ್ತೀನಿ ಅಂದೋಳ್ಗೆ ಬಾಗ್ಲಾಕ್ತೀರಾ?" ವಿಜಯಕುಮಾರ, "ಹೆಬ್ಬೆಟ್ಟು ಒತ್ತೋನು ಸಿದ್ಧಾಂತ ಹೇಳ್ತೀಯೇನೋ ಮುದ್ಕಾ? ಕೂತ್ಕೊಳ್ಳೋ" ಎಂದ. "ನೀನ್ ಓದಿದ್ಕೇ ತಾನೆ ಇಂಗಾಡ್ತಿರಾದು!" ಎಂದ ತಾತ. ಜನ ನಕ್ಕರು. ಆ ನಗುವೇ ಕೆಡಿಸಿತು. ವಿಜಯಕುಮಾರ ಕಾಣಿಕೆ ಚೀಲದ ಕೋಲು ಎಳೆದು ಮುದುಕನ ತೋಳಿಗೆ ಬಾರಿಸಿದ. ಮೂಳೆ ಮುರಿದ ಸದ್ದು ಕೊನೆಯ ಸಾಲಿಗೂ ಕೇಳಿಸಿತು. ಬಿದ್ದವನ ಮುಖಕ್ಕೆ ಇನ್ನೆರಡು ಬಿಟ್ಟ. ಆಮೇಲೆ ಕುರ್ಚಿ, ಹೂಕುಂಡ, ಹಿತ್ತಾಳೆಯ ದೀಪದ ಕಂಬ, ಕೈಗೆ ಸಿಕ್ಕಿದ್ದೆಲ್ಲ ಹಾರಿತು. ಹೆಂಗಸರು ಮಕ್ಕಳನ್ನೆತ್ತಿಕೊಂಡು ಪ್ರಸಂಗಪೀಠಕ್ಕೇ ಹತ್ತಿದರು. ಯಾವ ಗಂಡಸೂ ಕಲಮು ತೋರಿಸಿ ಇಳಿಸಲಿಲ್ಲ. ಅಷ್ಟರಲ್ಲಿ ಯಾರೋ ಬೀಸಿದ ಕುರ್ಚಿಯ ಮುರಿದ ಕಾಲು ವಿಜಯಕುಮಾರನ ಎಡಗಣ್ಣಿಗೆ ಹೊಕ್ಕಿತು. ಅವನು ನಿಂತಲ್ಲೇ ಕುಕ್ಕರಿಸಿದ. ಪೊಲೀಸರು ಬಂದು ಚರ್ಚಿಗೆ ಬೀಗ ಜಡಿದರು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಅತ್ತೆಗೆ ನನ್ನ ವಂದನೆ ಹೇಳು. ದೇವರು ನಿನ್ನನ್ನು ಕಾಯಲಿ.

ನಿನ್ನ ಅಪ್ಪ,
ಜಯಶೀಲ

ವಿ.ಸೂ.: ಆ ಕುರ್ಚಿ ಬೀಸಿದ್ದು ನಾನೇ. ಪೊಲೀಸರು "ಯಾರೋ" ಎಂದು ಬರೆದುಕೊಂಡಿದ್ದಾರೆ. ಕಾರ್ಯದರ್ಶಿ ಕೆಲಸಕ್ಕೆ ಬಾರದಾಗ ಸಹಕಾರ್ಯದರ್ಶಿ ರುಜು ಹಾಕಬಹುದು, ಸಹಕಾರ್ಯದರ್ಶಿ ನಾನು. ಅವನನ್ನು ಆಂಬುಲೆನ್ಸಿಗೆ ಎತ್ತುವಾಗ ನಿನ್ನ ಪತ್ರ ಅವನ ಜೇಬಿನಿಂದ ತೆಗೆದುಕೊಂಡೆ. ಮೂಲೆಯ ಕಲೆ ಅವನ ರಕ್ತ. ರುಜು ಹಾಕಿ ಇದರೊಳಗಿಟ್ಟಿದ್ದೇನೆ. ಕಾಲೇಜಿಗೆ ಕಳಿಸುತ್ತೀಯೋ ಹರಿಯುತ್ತೀಯೋ, ನಿನಗೆ ಬಿಟ್ಟದ್ದು. ನಮ್ಮ ಸಭೆಯೂ ಒಡೆದು ಹೊಸ ಒಕ್ಕೂಟಕ್ಕೆ ನಲವತ್ತು ಮನೆ ದಕ್ಕಿತು. ಹಳೆಯ ಸಭೆಗೆ ಮೂವತ್ತೈದು. ಪೊಲೀಸರಿಗೆ ಬೀಗದ ಕೈ. ನಿನಗೆ ಒಂದು ಕಾಗದ. ಮುನೀಂದ್ರ ತಾತನಿಗೂ ವಿಜಯಕುಮಾರನಿಗೂ ಏನೂ ಇಲ್ಲ.